ಸಮುದಾಯದ ಸೊತ್ತಿಗೆ ಬುದ್ಧಿಪೂರ್ವಕ ಕೇಡು: ಶಾಸನಗಳು ತೋರುವ ಪರಿಹಾರ ಕ್ರಮಗಳು

ಕೆರೆ, ದೇವಾಲಯ, ಬಸದಿ, ವೀರಗಲ್ಲು, ದಾನಶಾಸನ ಮುಂತಾದವು ಒಬ್ಬ ವ್ಯಕ್ತಿಯ ಸ್ವಂತ ಸೊತ್ತಲ್ಲ. ಅವುಗಳನ್ನು ಕಟ್ಟಿಸಿದವನು ಅರಸನೋ ಸೆಟ್ಟಿಯೋ ಆಗಿದ್ದರೂ ಕಟ್ಟಿದ ಮೇಲೆ ಅವು ಊರಿನವಾಗುತ್ತವೆ. ಎಲ್ಲರಿಗೂ ಸೇರಿದ ವಸ್ತುವನ್ನು ಕಾಯುವ ಹೊಣೆ ಯಾರದು, ಅದಕ್ಕೆ ಯಾರಾದರೂ ಬೇಕೆಂದೇ ಕೇಡು ಬಗೆದರೆ ಸಮುದಾಯವು ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆಗಳು ಇಂದು ಹುಟ್ಟಿದವಲ್ಲ. ಕರ್ನಾಟಕದ ಶಾಸನಗಳಲ್ಲಿ ಈ ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರಗಳು ದೊರೆಯುತ್ತವೆ. ಕ್ರಿ.ಶ. 1368ರ ಶ್ರವಣಬೆಳಗೊಳದ ಶಾಸನ ಮತ್ತು ಕ್ರಿ.ಶ. 1638ರ ಹಳೇಬೀಡಿನ ಶಾಸನಗಳನ್ನು ಆಧಾರವಾಗಿಟ್ಟುಕೊಂಡು ಆ ಉತ್ತರಗಳನ್ನು ಪರಿಶೀಲಿಸುವುದು, ಅವು ಇಂದಿನ ದಕ್ಷಿಣ ಬೆಂಗಳೂರಿನ ಶಾಸನಗಳ ರಕ್ಷಣೆಗೆ ಎಷ್ಟರಮಟ್ಟಿಗೆ ಉಪಯುಕ್ತವೆಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಕೇಡಿನ ಮೂರು ಬಗೆ

ಸ್ಮಾರಕಗಳಿಗೆ ಮನುಷ್ಯರಿಂದ ಆಗುವ ಹಾನಿಯನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಅಜ್ಞಾನದಿಂದ ಆಗುವ ಹಾನಿ. ಶಾಸನದ ಕಲ್ಲನ್ನು ಚರಂಡಿಯ ಮೇಲೆ ಹಾಸುವುದು, ಬಟ್ಟೆ ಒಗೆಯಲು ಬಳಸುವುದು, ಭಕ್ತಿಯಿಂದಲೇ ಅಕ್ಷರಗಳ ಮೇಲೆ ಎಣ್ಣೆ, ಬಣ್ಣ ಬಳಿಯುವುದು ಈ ಬಗೆಗೆ ಸೇರುತ್ತವೆ. ಎರಡನೆಯದು ಲೋಭದಿಂದ ಆಗುವ ಹಾನಿ. ನಿಧಿಯ ಆಸೆಗಾಗಿ ವೀರಗಲ್ಲುಗಳನ್ನು ಕಿತ್ತು ಅಗೆಯುವುದು, ನಿವೇಶನಕ್ಕಾಗಿ ಕಲ್ಲನ್ನು ಒಡೆದುಹಾಕುವುದು ಇದಕ್ಕೆ ಉದಾಹರಣೆ. ಮೂರನೆಯದು ಕೆಡಿಸಬೇಕೆಂದೇ ಕೆಡಿಸುವುದು. ಇಲ್ಲಿ ಕೆಡಿಸಿದವನಿಗೆ ಪ್ರತ್ಯಕ್ಷವಾದ ಲಾಭವಿಲ್ಲ. ಇನ್ನೊಬ್ಬರ ಮನಸ್ಸಿಗೆ ನೋವಾಗುವುದೇ, ಅಥವಾ ತನ್ನ ಕೃತ್ಯವನ್ನು ಜನ ನೋಡುವುದೇ ಅವನಿಗೆ ಸಿಗುವ ಫಲ.

ಈ ವಿಂಗಡಣೆ ಮುಖ್ಯವಾದುದು. ಅಜ್ಞಾನಕ್ಕೆ ತಿಳಿವಳಿಕೆ ಮದ್ದು. ಲೋಭಕ್ಕೆ ಕಾವಲು ಮದ್ದು. ಮೂರನೆಯ ಬಗೆಗೆ ಇವೆರಡೂ ಸಾಲವು. ಪೂಜ್ಯವೆಂದು ತಿಳಿದೇ ಒಬ್ಬನು ಕೆಡಿಸುವಾಗ ಅದು ಪೂಜ್ಯವೆಂದು ಅವನಿಗೆ ತಿಳಿಸಿಕೊಡುವುದರಿಂದ ಪ್ರಯೋಜನವಿಲ್ಲ.

ಶಾಸನಗಳ ಶಾಪಾಶಯ

ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಭಾಗವನ್ನು ವಿದ್ವಾಂಸರು ಬಹುಮಟ್ಟಿಗೆ ರೂಢಿಯ ಮಾತೆಂದು ಪರಿಗಣಿಸಿ ಮುಂದೆ ಸಾಗುವುದುಂಟು. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುವುದು, ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನು ಎಂಬ ಬಗೆಯ ಮಾತುಗಳು ಶತಮಾನಗಳ ಕಾಲ ಹೆಚ್ಚು ವ್ಯತ್ಯಾಸವಿಲ್ಲದೆ ಪುನರಾವರ್ತನೆಯಾಗಿವೆ. ಆದರೆ ಈ ಪುನರಾವರ್ತನೆಯೇ ಒಂದು ವಿಷಯವನ್ನು ತಿಳಿಸುತ್ತದೆ. ಶಾಸನವನ್ನು ಹಾಕಿಸಿದವರು ಅದನ್ನು ಮುಂದೊಂದು ದಿನ ಬೇಕೆಂದೇ ಕೆಡಿಸುವವನೊಬ್ಬನು ಬರುವನೆಂದು ಮೊದಲೇ ಎಣಿಸಿದ್ದರು. ಅವನು ಬರುವ ಹೊತ್ತಿಗೆ ತಾವು ಇರುವುದಿಲ್ಲವೆಂಬುದೂ, ತಮ್ಮ ಅರಸನ ದಂಡನೆ ಅವನನ್ನು ಮುಟ್ಟಲಾರದೆಂಬುದೂ ಅವರಿಗೆ ತಿಳಿದಿತ್ತು. ಆದುದರಿಂದ ಅವನು ಸ್ವತಃ ನಂಬುವ ಮೌಲ್ಯಗಳನ್ನೇ ಕಾವಲಿಗೆ ನಿಲ್ಲಿಸಿದರು. ಅಕ್ಷರ ಬಾರದವರಿಗಾಗಿ ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯಚಂದ್ರರನ್ನೂ ಹಸುಕರುಗಳನ್ನೂ ಕಂಡರಿಸುವ ವಾಡಿಕೆಯಿತ್ತು. ಇದು ಓದದವನಿಗೂ ಎಟುಕುವ ಎಚ್ಚರಿಕೆ.

ಶ್ರವಣಬೆಳಗೊಳದ ಒಡಂಬಡಿಕೆ

ಶಾಪದ ಮಾತು ಸಾಲದಾದಾಗ ಸಮುದಾಯಗಳು ಏನು ಮಾಡಿದವೆಂಬುದಕ್ಕೆ ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ, ಕ್ರಿ.ಶ. 1368ರ ಶ್ರವಣಬೆಳಗೊಳದ ಶಾಸನವು ಪ್ರಸಿದ್ಧವಾದ ನಿದರ್ಶನ. ಭಕ್ತರು, ಅಂದರೆ ಶ್ರೀವೈಷ್ಣವರು, ತಮಗೆ ಮಾಡುತ್ತಿರುವ ಅನ್ಯಾಯಗಳನ್ನು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು ಅರಸನಲ್ಲಿ ಬಿನ್ನವಿಸಿಕೊಂಡರು. ಅನ್ಯಾಯದ ವಿವರಗಳನ್ನು ಶಾಸನವು ಬಿಡಿಸಿ ಹೇಳುವುದಿಲ್ಲ. ಪಂಚಮಹಾವಾದ್ಯ ಮತ್ತು ಕಳಶಗಳ ಹಕ್ಕಿನ ಪ್ರಸ್ತಾಪವಿದೆ. ಜೀರ್ಣವಾದ ಜಿನಾಲಯಗಳ ಮಾತೂ ಇದೆ. ಅರಸನು ಎರಡೂ ದರ್ಶನಗಳಿಗೆ ಭೇದವಿಲ್ಲವೆಂದು ಸಾರಿ, ಶ್ರೀವೈಷ್ಣವ ಪ್ರಮುಖರ ಸಮಕ್ಷಮದಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿದನು.

ಇದು ಸಾಮರಸ್ಯದ ಉದಾಹರಣೆಯೆಂದು ಅನೇಕ ಕಡೆ ಉಲ್ಲೇಖಿತವಾಗಿದೆ. ಆದರೆ ಅದರ ಮುಂದಿನ ವ್ಯವಸ್ಥೆಯ ಕಡೆಗೆ ಹೆಚ್ಚಿನ ಗಮನ ಹರಿದಿಲ್ಲ. ಜೈನ ದರ್ಶನಕ್ಕೆ ಭಕ್ತರ ದೆಸೆಯಿಂದ ಹಾನಿಯೋ ವೃದ್ಧಿಯೋ ಆದರೆ ಅದನ್ನು ವೈಷ್ಣವರು ತಮಗೇ ಆದುದೆಂದು ಭಾವಿಸತಕ್ಕದ್ದು. ರಾಜ್ಯದ ಬಸ್ತಿಗಳಲ್ಲಿ ಶಾಸನವನ್ನು ನಿಲ್ಲಿಸತಕ್ಕದ್ದು. ಜೈನರ ಸಮ್ಮತಿಯಿಂದ ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿದ ಮೊತ್ತದಲ್ಲಿ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನು ಮೀರಿದವನು ರಾಜದ್ರೋಹಿ ಮಾತ್ರವಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ.

ಈ ವ್ಯವಸ್ಥೆಯಲ್ಲಿ ನಾಲ್ಕು ಅಂಗಗಳಿರುವುದನ್ನು ಗುರುತಿಸಬಹುದು: ಕಾವಲು, ದುರಸ್ತಿ, ಪ್ರತಿಗಳು ಮತ್ತು ಎದುರು ಪಕ್ಷದ ಹಿರಿಯರ ಹೊಣೆ. ತಪ್ಪಿತಸ್ಥರನ್ನು ಹುಡುಕಿ ದಂಡಿಸುವ ವಿಷಯ ಇದರಲ್ಲಿ ಪ್ರಧಾನವಾಗಿಲ್ಲ. ಬಸದಿಯ ಕಾವಲನ್ನು ವೈಷ್ಣವ ಗುರುವಿನ ಉಸ್ತುವಾರಿಗೆ ಕೊಟ್ಟಿರುವುದು ವಿಶೇಷವಾಗಿ ಗಮನಾರ್ಹ. ಕೇಡು ಯಾವ ಕಡೆಯಿಂದ ಬರುತ್ತದೆಯೋ ಆ ಕಡೆಯ ಹಿರಿಯನೇ ಕಾವಲಿನ ಹೊಣೆ ಹೊತ್ತರೆ, ಅವನ ಜನ ಅವನ ಮಾತನ್ನು ಮೀರಿ ಕೈಯೆತ್ತುವುದು ಕಷ್ಟ. ಇದರೊಡನೆ ಒಂದು ಕೊರತೆಯನ್ನೂ ಹೇಳಬೇಕು. ರಕ್ಷಣೆಯ ವೆಚ್ಚವನ್ನು ಭರಿಸಿದವರು ನೊಂದವರೇ.

ಶಾಸನದಲ್ಲಿ ಬರುವ ಕಲ್ಲೆಹವೇ ಮಾಗಡಿ ತಾಲ್ಲೂಕಿನ ಕಲ್ಯ. ಇದೇ ಒಡಂಬಡಿಕೆಯ ಇನ್ನೊಂದು ಪ್ರತಿ ಅಲ್ಲಿಯೂ ದೊರೆತಿದ್ದು, ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಸೇರಿದೆ. ಶಾಸನವನ್ನು ಒಂದೇ ಸ್ಥಳದಲ್ಲಿ ಇರಿಸದೆ ಹಲವೆಡೆ ನಿಲ್ಲಿಸುವ ಮಾತು ಕೇವಲ ಮಾತಾಗಿ ಉಳಿಯಲಿಲ್ಲವೆಂಬುದು ಇದರಿಂದ ತಿಳಿದುಬರುತ್ತದೆ. ಒಂದು ಪ್ರತಿಯನ್ನು ಕೆಡಿಸಿದವನು ಒಡಂಬಡಿಕೆಯನ್ನು ಕೆಡಿಸಿದಂತಾಗುವುದಿಲ್ಲ.

ಹಳೇಬೀಡಿನ ಪ್ರಕರಣ

ಕ್ರಿ.ಶ. 1638ರ ಹಳೇಬೀಡಿನ ಶಾಸನದಲ್ಲಿ ಕೇಡಿನ ಸ್ವರೂಪ ನೇರವಾಗಿ ನಮೂದಾಗಿದೆ. ಹುಚ್ಚಪ್ಪದೇವನೆಂಬುವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬುವನು ಅದನ್ನು ಅಳಿಸಿದನು. ಒತ್ತಿದ್ದು ಒಂದು ಪಕ್ಷಕ್ಕೆ ಅಪಚಾರವಾದರೆ, ಅಳಿಸಿದ್ದು ಇನ್ನೊಂದು ಪಕ್ಷಕ್ಕೆ ಅಪಚಾರವಾಯಿತು. ಕೆಟ್ಟುದನ್ನು ಸರಿಪಡಿಸುವ ಕೆಲಸವೇ ಹೊಸ ಜಗಳಕ್ಕೆ ಕಾರಣವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಶಾಸನಗಳಲ್ಲಿ ಅಪರೂಪ.

ಜೈನ ಸೆಟ್ಟಿಗಳು ವೀರಶೈವರ ಮಹಾಮಹತ್ತಿನಲ್ಲಿ ದೂರಿಕೊಂಡರು. ಹಿರಿಯರು ಕೂಡಿ ಒಂದು ತೀರ್ಮಾನಕ್ಕೆ ಬಂದರು. ಮೊದಲು ವಿಭೂತಿ, ವೀಳ್ಯಗಳನ್ನು ಸಲ್ಲಿಸಿ, ಅನಂತರ ಜೈನರು ತಮ್ಮ ಪೂಜೆ, ಅಭಿಷೇಕ, ದೀಪಾರಾಧನೆಗಳನ್ನು ಆಚಂದ್ರಾರ್ಕವಾಗಿ ನಡೆಸಿಕೊಂಡು ಬರಬಹುದು. ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಶಿವದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ದ್ರೋಹಿ, ಕಾಶೀ ರಾಮೇಶ್ವರಗಳ ಲಿಂಗಕ್ಕೆ ದ್ರೋಹಿ ಎಂಬ ಶಪಥವನ್ನು ಮಹಾಮಹತ್ತೇ ಹಾಕಿತು. ಬಸದಿಗೆ ರಕ್ಷಣೆಯಾಗಿ ನಿಂತುದು ಜೈನರ ಶಾಪವಲ್ಲ, ವೀರಶೈವರದೇ ಶಪಥ. ಶ್ರವಣಬೆಳಗೊಳದಲ್ಲಿ ಕಂಡ ತತ್ತ್ವವೇ ಇಲ್ಲಿ ಇನ್ನೂರ ಎಪ್ಪತ್ತು ವರ್ಷಗಳ ಅನಂತರ ಬೇರೆ ಸಮುದಾಯಗಳ ನಡುವೆ ಮತ್ತೆ ಕಾಣುತ್ತದೆ. ಇಲ್ಲಿಯೂ ನೊಂದ ಪಕ್ಷವೇ ಮೊದಲ ಮರ್ಯಾದೆಯನ್ನು ಬಿಟ್ಟುಕೊಡಬೇಕಾಯಿತು. ಇದು ಸಮಾನರ ನಡುವಿನ ಒಪ್ಪಂದವಲ್ಲ. ಆದರೂ ಬಸದಿ ಉಳಿಯಿತು, ಪೂಜೆ ಉಳಿಯಿತು. ಜಗಳದ ಎರಡೂ ಪಕ್ಷಗಳ ಕೃತ್ಯಗಳು ಮರೆಮಾಚದೆ ಕಲ್ಲಿನಲ್ಲಿ ದಾಖಲಾದವು.

ಇಂದಿನ ಕಾನೂನು ಮತ್ತು ಹಂಪಿಯ ತೀರ್ಪು

ಮಹಾಮಹತ್ತುಗಳ ಸ್ಥಾನದಲ್ಲಿ ಇಂದು ಕಾನೂನು ಇದೆ. 1958ರ ಕೇಂದ್ರ ಪ್ರಾಚೀನ ಸ್ಮಾರಕಗಳ ಅಧಿನಿಯಮದಲ್ಲಿ ಸ್ಮಾರಕವನ್ನು ವಿರೂಪಗೊಳಿಸಿದವನಿಗೆ ಮೂರು ತಿಂಗಳ ಸೆರೆವಾಸ ಅಥವಾ ಐದು ಸಾವಿರ ರೂಪಾಯಿಗಳ ದಂಡ ವಿಧಿಸಲು ಅವಕಾಶವಿತ್ತು. 2010ರ ತಿದ್ದುಪಡಿಯಿಂದ ಇದನ್ನು ಎರಡು ವರ್ಷಗಳಿಗೂ ಒಂದು ಲಕ್ಷ ರೂಪಾಯಿಗಳಿಗೂ ಏರಿಸಲಾಯಿತು. ರಾಜ್ಯದ ರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕ ಅಧಿನಿಯಮ ಅನ್ವಯಿಸುತ್ತದೆ. ಇವು ಘೋಷಿತ ಸ್ಮಾರಕಗಳಿಗೆ ಮಾತ್ರ ಸಂಬಂಧಿಸಿದವು. ಊರ ಹೊರಗೆ, ಗುಡಿಯ ಹಿತ್ತಿಲಲ್ಲಿ, ರಸ್ತೆಯ ಬದಿಯಲ್ಲಿ ನಿಂತಿರುವ ಬಹುಪಾಲು ಶಾಸನಗಳು ಇವುಗಳ ವ್ಯಾಪ್ತಿಗೆ ಬರುವುದಿಲ್ಲ.

ಕಾನೂನು ಹಳೆಯ ವಿವೇಕಕ್ಕೆ ಹತ್ತಿರ ಬಂದ ಒಂದು ಸಂದರ್ಭ 2019ರಲ್ಲಿ ಹಂಪಿಯಲ್ಲಿ ಒದಗಿತು. ವಿಷ್ಣು ದೇವಾಲಯವೊಂದರ ಆವರಣದಲ್ಲಿ ಯುವಕರು ಕಲ್ಲಿನ ಕಂಬವನ್ನು ತಳ್ಳಿ ಬೀಳಿಸುತ್ತಿರುವ ದೃಶ್ಯವು ಆ ವರ್ಷದ ಫೆಬ್ರುವರಿಯಲ್ಲಿ ಎಲ್ಲೆಡೆ ಹರಡಿತು. ತಮಾಷೆಗಾಗಿ ಸೆರೆಹಿಡಿದ ದೃಶ್ಯವೇ ಸಾಕ್ಷಿಯಾಯಿತು. ಬಂಧಿತರಾದ ನಾಲ್ವರಿಗೆ ಹೊಸಪೇಟೆಯ ನ್ಯಾಯಾಲಯವು ತಲಾ 70,000 ರೂಪಾಯಿಗಳ ದಂಡ ವಿಧಿಸಿದುದಲ್ಲದೆ, ಬಿದ್ದ ಕಂಬಗಳನ್ನು ಅವರೇ ಎತ್ತಿ ನಿಲ್ಲಿಸಬೇಕೆಂದು ಆದೇಶಿಸಿತು. ಪುರಾತತ್ವ ಸರ್ವೇಕ್ಷಣದವರ ಸಮಕ್ಷಮದಲ್ಲಿ ಅವರು ಹಾಗೆ ಮಾಡಿದರು. ಬೀಳಿಸುವುದು ಕ್ಷಣದ ಕೆಲಸ, ನಿಲ್ಲಿಸುವುದು ಎಷ್ಟು ಜನರ ಶ್ರಮ ಎಂಬುದು ಕೆಡಿಸಿದವರ ಮೈಗೇ ತಿಳಿಯಿತು. 1368ರಲ್ಲಿ ದುರಸ್ತಿಯ ವೆಚ್ಚ ನೊಂದವರ ಮೇಲೆ ಬಿದ್ದಿತ್ತು. ಇಲ್ಲಿ ಅದು ಕೆಡಿಸಿದವರ ಮೇಲೆ ಬಿದ್ದುದು ನ್ಯಾಯದ ದೃಷ್ಟಿಯಿಂದ ಮುಂದಿಟ್ಟ ಹೆಜ್ಜೆ.

ದಕ್ಷಿಣ ಬೆಂಗಳೂರಿನ ಸ್ಥಿತಿ

ಹಂಪಿಗೆ ಕಾವಲೂ ಕೀರ್ತಿಯೂ ಇವೆ. ಅವೆರಡೂ ಇಲ್ಲದ ಕಡೆ ಸಮಸ್ಯೆ ಹೆಚ್ಚು ಕಠಿಣ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳು ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ಹಳ್ಳಿಗಳ ಹೊಲ, ತೋಟ, ಕೆರೆಯಂಗಳಗಳ ಮೇಲೆ ಬೆಳೆದವು. ಬಿ.ಟಿ.ಎಂ. ಬಡಾವಣೆಗೆ ಹೊಂದಿಕೊಂಡಿರುವ ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಗಳ ಮೇಲೆ ತಮಿಳು ಶಾಸನಗಳಿವೆ. ಅವುಗಳಲ್ಲಿ ಕ್ರಿ.ಶ. 1247ರ ಒಂದು ಶಾಸನವು ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ಹೆಸರಿಸುತ್ತದೆ. ತಾವರೆಕೆರೆಯ ಹಳೆಯ ಹೆಸರೂ ಅಲ್ಲಿ ಸಿಗುತ್ತದೆ. ಅದಕ್ಕೂ ದಕ್ಷಿಣದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲು ಇದೆ. ಬೆಂಗುಳೂರಿನ ಕಾಳಗವನ್ನು ಹೇಳುವ ಈ ಶಾಸನದಲ್ಲಿಯೇ ನಗರದ ಹೆಸರು ಬಹು ಪ್ರಾಚೀನವಾಗಿ ದಾಖಲಾಗಿದೆ. ಬೇಗೂರಿನದೇ ಆದ ನಾಗತ್ತರನ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ.

ಹಳ್ಳಿ ಬಡಾವಣೆಯಾದಾಗ ಕಲ್ಲು ಅಲ್ಲಿಯೇ ಉಳಿಯುತ್ತದೆ. ಅದನ್ನು ತಮ್ಮದೆನ್ನುವ ಸಮುದಾಯ ಚದುರುತ್ತದೆ. ಶಾಪಾಶಯಕ್ಕೆ ಹೆದರುವವರು ಹೋಗಿ, ಲಿಪಿಯನ್ನೇ ಗುರುತಿಸದವರು ಬರುತ್ತಾರೆ. ಕೆಡಿಸುವವನು ಯಾವ ಹಿರಿಯರ ಮಾತಿಗೂ ಒಳಪಡದ ಅಪರಿಚಿತ. ಹೀಗಾಗಿ 1368 ಮತ್ತು 1638ರ ವ್ಯವಸ್ಥೆಗಳ ನಾಲ್ಕು ಅಂಗಗಳಲ್ಲಿ ಹಿರಿಯರ ಹೊಣೆಯೆಂಬುದು ನಗರದಲ್ಲಿ ತಾನಾಗಿ ದೊರೆಯುವುದಿಲ್ಲ. ಅದನ್ನು ಹೊಸದಾಗಿ ಕಟ್ಟಬೇಕು.

ಇದು ಸಾಧ್ಯವೆಂಬುದಕ್ಕೆ ನಗರದ ಉತ್ತರ ಭಾಗದ ಹೆಬ್ಬಾಳ ಸಾಕ್ಷಿಯಾಗಿದೆ. 2018ರಲ್ಲಿ ಅಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿಗೆ ಸ್ಥಳೀಯರೂ ಇತಿಹಾಸಾಸಕ್ತರೂ ಕೂಡಿ ಸಾರ್ವಜನಿಕ ದೇಣಿಗೆಯಿಂದ ಮಂಟಪ ನಿರ್ಮಿಸಿದರು. ಪ್ರತಿಗಳ ವಿಷಯದಲ್ಲಿ ರೈಸ್ ಅವರ ಸಂಪುಟವು ಮೊದಲ ಹೆಜ್ಜೆಯಾದರೆ, 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ಕೈಗೊಂಡ ಮೂರು ಆಯಾಮಗಳ ಡಿಜಿಟಲ್ ದಾಖಲಾತಿ ಎರಡನೆಯ ಹೆಜ್ಜೆ. ಅಕ್ಷರಗಳ ಆಳ, ಕಲ್ಲಿನ ಬಿರುಕುಗಳೂ ಇದರಲ್ಲಿ ಉಳಿಯುವುದರಿಂದ, ಕಲ್ಲಿಗೆ ಏನಾದರೂ ಆದರೆ ಯಾವಾಗ, ಎಷ್ಟು ಕೆಟ್ಟಿತೆಂಬುದನ್ನು ಹೋಲಿಸಿ ಹೇಳಬಹುದು.

ದುರಸ್ತಿಯ ಬಗೆಗೆ ಎಚ್ಚರಿಕೆಯ ಮಾತೊಂದು ಅಗತ್ಯ. 1368ರಲ್ಲಿ ಸುಣ್ಣ ಬಳಿಯುವುದು ಜೀರ್ಣೋದ್ಧಾರವಾಗಿತ್ತು. ಇಂದು ಅಕ್ಷರಗಳಿರುವ ಕಲ್ಲಿಗೆ ಸುಣ್ಣ, ಬಣ್ಣ ಅಥವಾ ಸಿಮೆಂಟು ಮೆತ್ತುವುದು ಮತ್ತೊಂದು ಕೇಡು. ಗೀಚಿದ ಬರಹವನ್ನು ಉಜ್ಜಿ ತೆಗೆಯುವ ಭರದಲ್ಲಿ ಮೂಲದ ಅಕ್ಷರಗಳೂ ಸವೆಯಬಹುದು. ಆದುದರಿಂದ ಮೊದಲು ಛಾಯಾಚಿತ್ರ ತೆಗೆದಿರಿಸಿ, ಪುರಾತತ್ವ ಇಲಾಖೆಗೆ ತಿಳಿಸಿ, ತಜ್ಞರ ಕೈಯಿಂದ ಆದಷ್ಟು ಬೇಗ ಸರಿಪಡಿಸುವುದು ಯುಕ್ತ. ಹಾಳಾಗಿಯೇ ಬಿಟ್ಟ ಕಲ್ಲು ಮುಂದಿನವನಿಗೆ ಇದಕ್ಕೆ ಕೇಳುವವರಿಲ್ಲವೆಂದು ಸಾರುತ್ತದೆ.

ಉಪಸಂಹಾರ

ಬುದ್ಧಿಪೂರ್ವಕವಾದ ಕೇಡನ್ನು ದಂಡನೆಯೊಂದರಿಂದಲೇ ತಡೆಯಬಹುದೆಂದು ನಮ್ಮ ಶಾಸನಗಳು ನಂಬಿದಂತೆ ಕಾಣುವುದಿಲ್ಲ. ಕಾವಲಿನಷ್ಟೇ ಮಹತ್ವವನ್ನು ದುರಸ್ತಿಗೂ, ಅದಕ್ಕಿಂತ ಹೆಚ್ಚಿನ ಮಹತ್ವವನ್ನು ಕೆಡಿಸಬಲ್ಲವರ ಕಡೆಯವರನ್ನೇ ರಕ್ಷಣೆಗೆ ಒಡಂಬಡಿಸುವುದಕ್ಕೂ ಅವು ನೀಡಿವೆ. ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಇದರ ಅರ್ಥ ಸರಳವಾದುದು. ಶಾಲೆಯ ಮಕ್ಕಳು, ಕಟ್ಟಡದ ಗುತ್ತಿಗೆದಾರರು, ದೇವಾಲಯದ ಅರ್ಚಕರು, ಹೊರನಾಡುಗಳಿಂದ ಬಂದು ನೆಲೆಸಿದವರು ಇವರೆಲ್ಲರೂ ತಮ್ಮ ಬೀದಿಯ ಕಲ್ಲಿನಲ್ಲಿ ಏನು ಬರೆದಿದೆಯೆಂಬುದನ್ನು ಅರಿತು ಅದರ ಪಾಲುದಾರರಾಗಬೇಕು. ಬೆಂಗುಳೂರೆಂಬ ಹೆಸರನ್ನು ಹೊತ್ತು ಬೇಗೂರಿನ ಕಲ್ಲು ಹನ್ನೊಂದು ಶತಮಾನಗಳನ್ನು ದಾಟಿ ಬಂದಿದೆ. ಅದನ್ನು ಕೆಡಿಸಲು ಒಬ್ಬನ ಒಂದು ಗಳಿಗೆ ಸಾಕು. ಉಳಿಸಲು ಊರೇ ಬೇಕು.