ಸಸ್ಯಾಹಾರ, ಕಬ್ಬಿಣಾಂಶ ಮತ್ತು ರಕ್ತಹೀನತೆ: ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ರಕ್ತಹೀನತೆ ಎಂದರೇನು?

ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ದೇಹದ ಎಲ್ಲ ಭಾಗಗಳಿಗೆ ಆಮ್ಲಜನಕವನ್ನು ಒಯ್ಯುತ್ತದೆ. ಇದರ ಪ್ರಮಾಣವು ಪ್ರತಿ ಡೆಸಿಲೀಟರ್ ರಕ್ತದಲ್ಲಿ ಗರ್ಭಿಣಿಯರಲ್ಲಿ 11 ಗ್ರಾಂ, ಇತರ ಮಹಿಳೆಯರಲ್ಲಿ 12 ಗ್ರಾಂ ಹಾಗೂ ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದಲ್ಲಿ ಅದನ್ನು ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ. ಆಯಾಸ, ಏದುಸಿರು, ತಲೆಸುತ್ತು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುವುದು ಇದರ ಮುಖ್ಯ ಲಕ್ಷಣಗಳು. ಗರ್ಭಿಣಿಯರಲ್ಲಿ ಇದು ಅವಧಿಪೂರ್ವ ಹೆರಿಗೆಗೆ, ಶಿಶುವಿನ ಕಡಿಮೆ ತೂಕಕ್ಕೆ ಹಾಗೂ ಹೆರಿಗೆ ಸಮಯದಲ್ಲಿ ತಾಯಿಯ ಪ್ರಾಣಾಪಾಯಕ್ಕೆ ಕಾರಣವಾಗಬಹುದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಹಾಗೂ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿ ರಕ್ತಹೀನತೆ ಹೊಂದಿದ್ದರು.

ಸೊಪ್ಪು ತಿಂದರೂ ರಕ್ತ ಕಡಿಮೆ ಏಕೆ?

ಮಲೆನಾಡಿನ ಈ ಮೂರು ತಾಲ್ಲೂಕುಗಳಲ್ಲಿ ಹರಿವೆ, ಬಸಳೆ, ನುಗ್ಗೆ, ಕೆಸುವು, ಒಂದೆಲಗ ಮುಂತಾದ ಸೊಪ್ಪುಗಳು ಹಿತ್ತಿಲಿನಲ್ಲಿಯೇ ದೊರೆಯುತ್ತವೆ. ಆದಾಗ್ಯೂ ಆಹಾರದಲ್ಲಿರುವ ಕಬ್ಬಿಣಾಂಶವೆಲ್ಲವೂ ರಕ್ತಕ್ಕೆ ಸೇರುವುದಿಲ್ಲ. ಮಾಂಸ ಮತ್ತು ಮೀನಿನಲ್ಲಿರುವ ಕಬ್ಬಿಣಾಂಶದ ಒಂದು ಭಾಗ ಸುಲಭವಾಗಿ ಹೀರಲ್ಪಡುತ್ತದೆ. ಧಾನ್ಯ, ಬೇಳೆ ಮತ್ತು ಸೊಪ್ಪಿನಲ್ಲಿರುವುದು ಬೇರೆ ರೂಪದ್ದು. ಕರುಳಿನಲ್ಲಿ ಅದು ಕರಗುವ ರೂಪಕ್ಕೆ ಪರಿವರ್ತನೆಯಾದ ನಂತರವೇ ಹೀರಲ್ಪಡುತ್ತದೆ. ಆದುದರಿಂದ ಎಷ್ಟು ಸೊಪ್ಪು ತಿನ್ನಲಾಯಿತು ಎಂಬುದರಷ್ಟೇ, ಅದರೊಂದಿಗೆ ಏನನ್ನು ಸೇವಿಸಲಾಯಿತು ಎಂಬುದೂ ಮುಖ್ಯ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ, ಪುರುಷನಿಗೆ 19 ಮಿಲಿಗ್ರಾಂ ಕಬ್ಬಿಣಾಂಶ ಅಗತ್ಯ. ನಮ್ಮ ಮುಖ್ಯ ಆಹಾರವಾದ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 100 ಗ್ರಾಂಗೆ ಒಂದು ಮಿಲಿಗ್ರಾಂಗಿಂತಲೂ ಕಡಿಮೆ ಇರುತ್ತದೆ.

ಹೀರಿಕೆಗೆ ನೆರವಾಗುವ ಅಂಶಗಳು

1. ನೆಲ್ಲಿಕಾಯಿ, ನಿಂಬೆ, ಪೇರಲೆ ಮುಂತಾದವುಗಳಲ್ಲಿರುವ ಸಿ ಜೀವಸತ್ವವು ಸಸ್ಯಮೂಲದ ಕಬ್ಬಿಣಾಂಶದ ಹೀರಿಕೆಯನ್ನು ಗಣನೀಯವಾಗಿ ಹೆಚ್ಚಿಸುತ್ತದೆ. ಇವುಗಳನ್ನು ಅದೇ ಊಟದಲ್ಲಿ ಸೇವಿಸಬೇಕು. ಬಿಸಿಯಿಂದ ಈ ಜೀವಸತ್ವವು ನಾಶವಾಗುವುದರಿಂದ ಪಲ್ಯ ಅಥವಾ ಸಾರನ್ನು ಒಲೆಯಿಂದ ಇಳಿಸಿದ ನಂತರ ನಿಂಬೆರಸ ಹಿಂಡುವುದು ಸೂಕ್ತ.
2. ಹೆಸರುಕಾಳು, ರಾಗಿ ಮುಂತಾದವುಗಳನ್ನು ನೆನೆಸಿ ಮೊಳಕೆ ಬರಿಸುವುದರಿಂದ ಹಾಗೂ ದೋಸೆ, ಇಡ್ಲಿ ಹಿಟ್ಟನ್ನು ಹುಳಿ ಬರಿಸುವುದರಿಂದ ಕಬ್ಬಿಣಾಂಶವನ್ನು ಹಿಡಿದಿಡುವ ಫೈಟೇಟ್ ಎಂಬ ವಸ್ತು ಕಡಿಮೆಯಾಗುತ್ತದೆ.
3. ಹುಳಿ ಪದಾರ್ಥಗಳನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದಾಗ ಪಾತ್ರೆಯ ಕಬ್ಬಿಣವು ಸ್ವಲ್ಪ ಪ್ರಮಾಣದಲ್ಲಿ ಆಹಾರಕ್ಕೆ ಸೇರುತ್ತದೆ.

ಹೀರಿಕೆಗೆ ಅಡ್ಡಿಯಾಗುವ ಅಂಶಗಳು

1. ಚಹಾ ಮತ್ತು ಕಾಫಿ: ಊಟ ಅಥವಾ ತಿಂಡಿಯೊಂದಿಗೆ ಕುಡಿದ ಒಂದು ಲೋಟ ಚಹಾ ಆ ಆಹಾರದ ಸಸ್ಯಮೂಲ ಕಬ್ಬಿಣಾಂಶದ ಹೀರಿಕೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಬಲ್ಲದು. ಬೆಳಗಿನ ದೋಸೆಯೊಂದಿಗೆ ಚಹಾ ಕುಡಿಯುವ ರೂಢಿಯುಳ್ಳವರು ತಿಂಡಿಗೂ ಚಹಾಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿರಿಸಬೇಕು.
2. ಎಲೆ-ಅಡಿಕೆ: ಊಟವಾದೊಡನೆ ಕವಳ ಹಾಕುವ ಪದ್ಧತಿ ಅಡಿಕೆ ಬೆಳೆಯುವ ಈ ಭಾಗದಲ್ಲಿ ಸಾಮಾನ್ಯ. ಅಡಿಕೆಯಲ್ಲಿಯೂ ಚಹಾದಲ್ಲಿರುವಂತೆ ಟ್ಯಾನಿನ್ ಅಂಶ ಹೇರಳವಾಗಿದೆ. ಗರ್ಭಿಣಿಯರು ಇದನ್ನು ಸಂಪೂರ್ಣವಾಗಿ ವರ್ಜಿಸಬೇಕು.
3. ಬಸಳೆ, ಕೆಸುವು ಮುಂತಾದ ಸೊಪ್ಪುಗಳಲ್ಲಿ ಆಕ್ಸಲೇಟ್ ಅಂಶ ಅಧಿಕ. ಇವು ಪೌಷ್ಟಿಕವಾದರೂ ಕಬ್ಬಿಣಾಂಶಕ್ಕಾಗಿ ಇವುಗಳನ್ನೇ ನೆಚ್ಚಿಕೊಳ್ಳಬಾರದು.
4. ಹಾಲು, ಮೊಸರು ಹಾಗೂ ಸುಣ್ಣದಂಶದ ಮಾತ್ರೆಗಳು ಕಬ್ಬಿಣಾಂಶದ ಹೀರಿಕೆಯನ್ನು ತಗ್ಗಿಸುತ್ತವೆ. ತಂಬುಳಿ, ಮಜ್ಜಿಗೆಯನ್ನು ತ್ಯಜಿಸಬೇಕಾಗಿಲ್ಲ. ಆದರೆ ಸೊಪ್ಪಿನ ತಂಬುಳಿಯನ್ನು ರಕ್ತಹೀನತೆಗೆ ಔಷಧವೆಂದು ಭಾವಿಸಬಾರದು.

ಸಾಮಾನ್ಯ ತಪ್ಪು ತಿಳುವಳಿಕೆಗಳು

ಜೋನಿಬೆಲ್ಲ ತಿಂದರೆ ರಕ್ತ ವೃದ್ಧಿಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಬೆಲ್ಲದಲ್ಲಿ ಕಬ್ಬಿಣಾಂಶವಿರುವುದು ನಿಜ. ಆದರೆ ಒಂದು ಚಮಚ ಬೆಲ್ಲದಿಂದ ದೊರೆಯುವುದು ಒಂದು ಮಿಲಿಗ್ರಾಂಗಿಂತಲೂ ಕಡಿಮೆ. ಬೀಟ್‌ರೂಟ್‌ನ ಕೆಂಪು ಬಣ್ಣಕ್ಕೂ ಕಬ್ಬಿಣಾಂಶಕ್ಕೂ ಸಂಬಂಧವಿಲ್ಲ.

ಎಲ್ಲ ರಕ್ತಹೀನತೆಯೂ ಕಬ್ಬಿಣಾಂಶದ ಕೊರತೆಯಿಂದ ಉಂಟಾಗುವುದಿಲ್ಲ. ಬಿ12 ಜೀವಸತ್ವವು ಸಸ್ಯಮೂಲದ ಆಹಾರದಲ್ಲಿ ದೊರೆಯುವುದಿಲ್ಲ. ಹಾಲು ಮತ್ತು ಮೊಸರನ್ನೂ ಕಡಿಮೆ ಸೇವಿಸುವ ಸಸ್ಯಾಹಾರಿಗಳಲ್ಲಿ ಇದರ ಕೊರತೆ ಕಂಡುಬರುತ್ತದೆ. ಬರಿಗಾಲಿನಲ್ಲಿ ತೋಟ, ಗದ್ದೆಗಳಲ್ಲಿ ಕೆಲಸ ಮಾಡುವವರಿಗೆ ಕೊಕ್ಕೆಹುಳುವಿನ ಸೋಂಕಿನಿಂದಲೂ ರಕ್ತ ನಷ್ಟವಾಗಬಹುದು. ಥಲಸ್ಸೇಮಿಯಾ ಇರುವವರು ವೈದ್ಯರ ಸಲಹೆಯಿಲ್ಲದೆ ಕಬ್ಬಿಣಾಂಶದ ಮಾತ್ರೆ ಸೇವಿಸಬಾರದು. ಆದುದರಿಂದ ರಕ್ತ ಪರೀಕ್ಷೆ ಅವಶ್ಯಕ.

ಆಹಾರವೊಂದೇ ಸಾಕೆ?

ರಕ್ತಹೀನತೆಯನ್ನು ತಡೆಯಲು ಆಹಾರ ಕ್ರಮ ನೆರವಾಗುತ್ತದೆ. ಆದರೆ ಹಿಮೋಗ್ಲೋಬಿನ್ ಈಗಾಗಲೇ ಕಡಿಮೆಯಾಗಿದ್ದಲ್ಲಿ ಆಹಾರದಿಂದ ಮಾತ್ರ ಅದನ್ನು ಸಕಾಲದಲ್ಲಿ ಸರಿಪಡಿಸುವುದು ಕಷ್ಟ. ವಿಶೇಷವಾಗಿ ಗರ್ಭಿಣಿಯರಿಗೆ ಇರುವ ಕಾಲಾವಕಾಶ ಕೆಲವೇ ತಿಂಗಳು. ಕಷಾಯ, ಸೊಪ್ಪು, ಬೆಲ್ಲಗಳನ್ನು ನಂಬಿ ಮಾತ್ರೆ ನಿಲ್ಲಿಸುವುದು ಅಪಾಯಕರ. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆಯಿದ್ದಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಉಚಿತವಾಗಿ ದೊರೆಯುವ ಸೌಲಭ್ಯಗಳು

2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ಅನ್ವಯ:

1. ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ ಪ್ರತಿದಿನ 60 ಮಿಲಿಗ್ರಾಂ ಕಬ್ಬಿಣಾಂಶ ಹಾಗೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವುಳ್ಳ ಒಂದು ಕೆಂಪು ಮಾತ್ರೆ, ಕನಿಷ್ಠ 180 ದಿನ. ಹೆರಿಗೆಯ ನಂತರವೂ 180 ದಿನ.
2. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ. 5ರಿಂದ 9 ವರ್ಷದ ಮಕ್ಕಳಿಗೆ ವಾರಕ್ಕೊಂದು ಗುಲಾಬಿ ಮಾತ್ರೆ.
3. 6ರಿಂದ 59 ತಿಂಗಳ ಮಕ್ಕಳಿಗೆ ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್ ದ್ರವ ಔಷಧ.

ಇದಲ್ಲದೆ ಮಕ್ಕಳಿಗೆ ಜಂತುಹುಳು ನಿವಾರಣಾ ಮಾತ್ರೆ ನೀಡಲಾಗುತ್ತದೆ.

ಮಾತ್ರೆ ಸೇವಿಸುವ ಕ್ರಮ

ಊಟವಾದ ಸುಮಾರು ಒಂದು ಗಂಟೆಯ ನಂತರ, ನೀರು ಅಥವಾ ನಿಂಬೆ ಪಾನಕದೊಂದಿಗೆ ಸೇವಿಸಬೇಕು. ಹಾಲು, ಚಹಾ ಅಥವಾ ಸುಣ್ಣದಂಶದ ಮಾತ್ರೆಯೊಂದಿಗೆ ಸೇವಿಸಬಾರದು. ಮಲ ಕಪ್ಪಾಗುವುದು ಸಹಜ, ಭಯಪಡುವ ಅಗತ್ಯವಿಲ್ಲ. ವಾಕರಿಕೆ ಅಥವಾ ಮಲಬದ್ಧತೆ ಉಂಟಾದಲ್ಲಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು.

ಯಾರನ್ನು ಸಂಪರ್ಕಿಸಬೇಕು?

ಸಾರ್ವಜನಿಕರು ತಮ್ಮ ಗ್ರಾಮದ ಆಶಾ ಕಾರ್ಯಕರ್ತೆ, ಅಂಗನವಾಡಿ ಕೇಂದ್ರ, ಆರೋಗ್ಯ ಉಪಕೇಂದ್ರ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಹೆಚ್ಚಿನ ಚಿಕಿತ್ಸೆ ಅಗತ್ಯವಿದ್ದವರನ್ನು ಸರ್ಕಾರಿ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಗರ್ಭಿಣಿಯರು ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ವಿಶೇಷ ತಪಾಸಣೆಯ ಪ್ರಯೋಜನ ಪಡೆಯಬಹುದು. ಬರುವಾಗ ತಾಯಿ ಕಾರ್ಡನ್ನು ತಪ್ಪದೆ ತರಬೇಕು.