ಅರ್ಬುದಕ್ಕೆ ಶಾಖದ ಮದ್ದು

ಚಾರ್ಮಾಡಿ ಘಟ್ಟದ ಬುಡದ ಯಾವುದಾದರೊಂದು ಮನೆಗೆ ಅರ್ಬುದರೋಗ, ಎಂದರೆ ಕ್ಯಾನ್ಸರ್, ಕಾಲಿಟ್ಟಿತೆಂದರೆ ಆ ಮನೆಯವರು ಸಾಮಾನ್ಯವಾಗಿ ಹಿಡಿಯುವ ದಾರಿ ಎರಡು: ಪಶ್ಚಿಮಕ್ಕೆ ಮಂಗಳೂರು, ಇಲ್ಲವೆ ಘಟ್ಟವೇರಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಘಟ್ಟದ ದಾರಿಯೂ ಕಡಿದುಹೋಗಿತ್ತು. ಹೀಗಿರುವಲ್ಲಿ, ಶಸ್ತ್ರವೂ ಬೇಡ, ವಿಕಿರಣವೂ ಬೇಡ, ಸೂಕ್ಷ್ಮ ಕಣಗಳ ಬಿಸಿಯಿಂದಲೇ ಗುಣವಾಗುವುದೆಂಬ ವಾರ್ತೆಯು ಮೊಬೈಲಿನಲ್ಲಿ ಬಂದರೆ ರೋಗಿಯು ಕಾದು ನೋಡೋಣವೆಂದು ಕುಳಿತುಬಿಡುವುದು ಆಶ್ಚರ್ಯವಲ್ಲ. ಆದುದರಿಂದ ಇದರಲ್ಲಿ ನಿಜವೆಷ್ಟೆಂಬುದನ್ನು ವಾಚಕರಿಗೆ ಅರಿಕೆ ಮಾಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ತತ್ತ್ವವು ನಿಜವಾದುದೇ. ಸುಮಾರು 42ರಿಂದ 45 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಬುದದ ಜೀವಕೋಶಗಳು ಸೊರಗುವುವು. ವಿಕಿರಣದ ಏಟನ್ನು ಸರಿಪಡಿಸಿಕೊಳ್ಳುವ ಶಕ್ತಿಯೂ ಅವಕ್ಕೆ ಕುಗ್ಗುವುದು. ಆದರೆ ಹೊರಗಿನಿಂದ ಕಾಯಿಸಿದರೆ ನೆರೆಯ ಆರೋಗ್ಯವಾದ ಭಾಗವೂ ಬೇಯುವುದು. ಬಿಸಿಯು ಗೆಡ್ಡೆಯೊಳಗೇ ಹುಟ್ಟಬೇಕು. ಕಬ್ಬಿಣದ ಆಕ್ಸೈಡಿನ ಕಣಗಳಿಂದ ಇದನ್ನು ಸಾಧಿಸಬಹುದೆಂದು ಅಮೆರಿಕದ ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು 1957ರಲ್ಲಿಯೇ ಪ್ರಯೋಗದಿಂದ ಸೂಚಿಸಿದ್ದರು. ಮುಂದೆ ಬರ್ಲಿನ್ನಿನವರು ಬಳಸಿದ ಕಣವು ಸುಮಾರು 12 ನ್ಯಾನೋಮೀಟರ್. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೋಮೀಟರು. ಇಂಥ ಕಣಗಳ ದ್ರವವನ್ನು ಗೆಡ್ಡೆಗೆ ಚುಚ್ಚಿ, ಸೆಕೆಂಡಿಗೆ ಲಕ್ಷ ಬಾರಿ ಹಿಂದುಮುಂದಾಗುವ ಕಾಂತಕ್ಷೇತ್ರದಲ್ಲಿ ರೋಗಿಯನ್ನು ಇರಿಸಿದರೆ ಕಣಗಳು ಬಿಸಿಯೇರುವುವು.

ಫಲವೇನಾಯಿತು? 2011ರಲ್ಲಿ ಪ್ರಕಟವಾದ ಜರ್ಮನಿಯ ವರದಿಯಂತೆ, ಮಿದುಳಿನ ಗ್ಲಿಯೋಬ್ಲಾಸ್ಟೋಮಾ ಮರುಕಳಿಸಿದ 59 ಮಂದಿಗೆ ವಿಕಿರಣದ ಜೊತೆಯಲ್ಲಿ ಈ ಶಾಖವನ್ನು ಕೊಡಲಾಯಿತು. ಮರುಕಳಿಸಿದುದು ತಿಳಿದ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ 13.4 ತಿಂಗಳಿಗಿಂತ ಹೆಚ್ಚು ಬದುಕಿದರು. ಹಿಂದಿನ ಅನುಭವಕ್ಕಿಂತ ಇದು ಮೇಲು; ಆದರೆ ಶಾಖವಿಲ್ಲದೆ ಚಿಕಿತ್ಸೆ ಪಡೆದ ಸರಿಜೋಡಿ ತಂಡವೊಂದು ಆ ಪರೀಕ್ಷೆಯಲ್ಲಿರಲಿಲ್ಲ. ಒಳಗುಳಿದ ಕಣಗಳು ಎಂ.ಆರ್.ಐ. ಚಿತ್ರವನ್ನು ಕೆಡಿಸುವುವು, ಹಲ್ಲಿಗೆ ತುಂಬಿದ ಲೋಹವನ್ನು ಮೊದಲೇ ತೆಗೆಸಬೇಕು. 2010ರಲ್ಲಿ ಯುರೋಪಿನ ಪರವಾನಗಿ ಪಡೆದಿದ್ದ ಆ ಕಂಪೆನಿಯೇ 2022ರಲ್ಲಿ ದಿವಾಳಿ ಅರ್ಜಿ ಹಾಕಿತು. ವಿದ್ಯೆಯು ಸುಳ್ಳಾದುದರಿಂದಲ್ಲ, ವ್ಯಾಪಾರವು ನಿಲ್ಲದುದರಿಂದ ಎಂದು ನಮಗೆ ತೋರುತ್ತದೆ.

ವಿಕಿರಣವನ್ನು ಬಿಟ್ಟು ಬಿಸಿಯನ್ನು ಕಾಯಿರೆಂದು ಆ ಜರ್ಮನರೂ ಹೇಳಲಿಲ್ಲ. ಚಾರ್ಮಾಡಿಯ ರೋಗಿಯು ವೈದ್ಯರು ಗೊತ್ತುಮಾಡಿದ ದಿನವೇ ಹೊರಡಲಿ. ಕಳೆದ ತಿಂಗಳನ್ನು ಯಾವ ಕಣವೂ ಮರಳಿಸದು. ಅಡಿಕೆಯು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಮಂಡಳಿಯು 2004ರಲ್ಲಿ ಸಾರಿದೆ. ಅಡಿಕೆಯಿಂದಲೇ ಬದುಕುವ ಈ ಸೀಮೆಗೆ ಕಹಿಯಾದ ಮಾತು. ಆದರೂ ಬಾಯಿಯ ಹುಣ್ಣು ಎರಡು ವಾರ ಮೀರಿದರೆ ತೋರಿಸದೆ ಇರಕೂಡದು. ನ್ಯಾನೋ ಸಂಶೋಧನೆಗೆ ಹಣ ಸುರಿಯುವ ಸರಕಾರವು ಸಾರ್ವಜನಿಕ ಆಸ್ಪತ್ರೆಗಳಲ್ಲಿ, ಸರಿಜೋಡಿ ತಂಡವನ್ನಿರಿಸಿ, ಈ ಚಿಕಿತ್ಸೆಯನ್ನು ಪರೀಕ್ಷಿಸಿ ನೋಡಲೆಂಬುದು ನಮ್ಮ ಬೇಡಿಕೆ.