ತಂತಿಯ ತಾಪ

ವಿದ್ಯುತ್ ಒಲೆಯ ಸುರುಳಿ ಕೆಂಡದಂತೆ ಕೆಂಪೇರಿರುವಾಗ, ಅದಕ್ಕೆ ವಿದ್ಯುತ್ತನ್ನು ತಂದೊಪ್ಪಿಸುವ ತಂತಿ ತಣ್ಣಗೆ ಬಿದ್ದಿರುವುದೇಕೆ? ಎರಡರಲ್ಲಿಯೂ ಹರಿಯುವ ಪ್ರವಾಹ ಒಂದೇ ಅಲ್ಲವೆ? ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ಯಾರಾದರೂ ಕೇಳಿಯಾರು. ‘ವಿಜ್ಞಾನ ಪ್ರಪಂಚ’ವನ್ನು ಕನ್ನಡಕ್ಕೆ ಕೊಟ್ಟ ಶಿವರಾಮ ಕಾರಂತರ ಹುಟ್ಟೂರು ಕೋಟ. ಕುಂದಾಪುರಕ್ಕೂ ಬ್ರಹ್ಮಾವರಕ್ಕೂ ನಡುವೆ ಆ ಊರಿರುವಾಗ ನಮ್ಮ ಸೀಮೆಯಲ್ಲಿ ಆ ಮಾತು ಸಲ್ಲದು.

ಲೋಹದೊಳಗೆ ಸಾಗುವ ಎಲೆಕ್ಟ್ರಾನುಗಳು ಅಲ್ಲಿ ಕಂಪಿಸುತ್ತಿರುವ ಪರಮಾಣುಗಳಿಗೆ ಮತ್ತೆ ಮತ್ತೆ ತಾಗಿ, ತಾವು ಗಳಿಸಿದ ಶಕ್ತಿಯನ್ನು ಅವುಗಳಿಗೆ ತೆರುತ್ತವೆ. ಆ ಕಂಪನದ ಏರಿಕೆಯೇ ನಮಗೆ ಬಿಸಿಯಾಗಿ ತೋರುತ್ತದೆ. ತಾಮ್ರದಲ್ಲಿ ತಡೆ ಅಲ್ಪ. ಒಲೆಯ ಸುರುಳಿಯ ನೈಕ್ರೋಮಿನಲ್ಲಿ ಅದು ಸುಮಾರು 60 ಮಡಿ. ಸಾಲದುದಕ್ಕೆ ಆ ಎಳೆ ತೆಳುವು, ನೀಳ. ತಣ್ಣಗಿರುವ ತಂತಿಯ ಗುಟ್ಟು ಇಷ್ಟೇ.

ಇಂಗ್ಲೆಂಡಿನ ಜೇಮ್ಸ್ ಜೂಲನು ತಂತಿಯ ಸುರುಳಿಯನ್ನು ನೀರಿನಲ್ಲಿಳಿಸಿ, ನೀರು ಕಾದ ಪ್ರಮಾಣವನ್ನು ಅಳೆದು, 1841ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದನು. ತಡೆ ಇಮ್ಮಡಿಯಾದರೆ ಬಿಸಿಯೂ ಇಮ್ಮಡಿ. ಆದರೆ ಪ್ರವಾಹ ಇಮ್ಮಡಿಯಾದರೆ ಬಿಸಿ ನಾಲ್ಮಡಿ, ಮುಮ್ಮಡಿಯಾದರೆ ಒಂಬತ್ತು ಮಡಿ!

ಒಲೆಗೆ ವರವಾದ ಈ ನಿಯಮ ದೂರದ ಸಾಗಣೆಗೆ ಶಾಪ. ಹೊಸಂಗಡಿಯ ನೆಲದಡಿಯಲ್ಲಿ 460 ಮೆಗಾವಾಟ್ ಸಾಮರ್ಥ್ಯದ ವಾರಾಹಿ ವಿದ್ಯುದಾಗಾರವಿದೆ. ಅಲ್ಲಿ ಹುಟ್ಟಿದ ಶಕ್ತಿ ದಾರಿಯಲ್ಲಿಯೇ ಬಿಸಿಯಾಗಿ ಸೋರಿಹೋಗಬಾರದೆಂದು ಅದನ್ನು ಉಚ್ಚ ಒತ್ತಡಕ್ಕೇರಿಸಿ ಕಳುಹಿಸುತ್ತಾರೆ. ಒತ್ತಡ ಹತ್ತು ಮಡಿಯಾದರೆ ಅಷ್ಟೇ ಶಕ್ತಿಗೆ ಹತ್ತನೆಯ ಒಂದು ಪಾಲು ಪ್ರವಾಹ ಸಾಕು. ತಂತಿಯಲ್ಲಿ ವ್ಯರ್ಥವಾಗುವ ಬಿಸಿ ನೂರರಲ್ಲೊಂದು ಪಾಲಿಗಿಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿ ವಿದ್ಯುತ್ತು ಸಾಗಿದ್ದು 30,000 ವೋಲ್ಟುಗಳಿಗೆ ಕಡಿಮೆಯಿಲ್ಲದ ಒತ್ತಡದಲ್ಲಿ. ಕಾರಂತರು ಹುಟ್ಟಿದ ವರ್ಷವೂ ಅದೇ ಎಂಬುದೊಂದು ಸೋಜಿಗ.

ಮನೆಯೊಳಗಿನ ಮಾತು ಬೇರೆ. ಬೈಂದೂರಿನಿಂದ ಬ್ರಹ್ಮಾವರದವರೆಗೂ ಕಡಲಂಚಿನ ಮನೆಗಳಲ್ಲಿ ಉಪ್ಪುಗಾಳಿಗೂ ಮಳೆಯ ತೇವಕ್ಕೂ ತಾಮ್ರದ ತುದಿ ಹಸುರುಗಟ್ಟುತ್ತದೆ, ತಿರುಪು ಸಡಿಲುತ್ತದೆ. ಸುರುಳಿಯಲ್ಲಿ ನಾವಾಗಿ ಇರಿಸಿಕೊಂಡ ತಡೆ ಇಂಥ ಸಂದಿನಲ್ಲಿ ಕರೆಯದೆ ಬಂದು ಕೂರುತ್ತದೆ. ಉಳಿದ ತಂತಿಯೆಲ್ಲ ತಣ್ಣಗಿದ್ದರೂ ಅದೊಂದು ಗೇಣುದ್ದದ ಜಾಗ ಒಲೆಯಾಗುತ್ತದೆ. ಪ್ರವಾಹ ಹೆಚ್ಚದಿರುವುದರಿಂದ ಫ್ಯೂಸಿಗೆ ಇದರ ಸುಳಿವೂ ಹತ್ತದು.

ಇನ್ನು ಆ ಫ್ಯೂಸನ್ನಾದರೂ ನಾವು ನೆಟ್ಟಗಿಡುತ್ತೇವೆಯೆ? ಒಮ್ಮೆ ಸುಟ್ಟರೆ ದಪ್ಪ ತಾಮ್ರದ ಎಳೆಯನ್ನು ಸುತ್ತಿಬಿಡುತ್ತೇವೆ. ಈ ಜಾಣತನವನ್ನು ನಾನು ಓದಿದವರ ಮನೆಗಳಲ್ಲಿಯೇ ಹೆಚ್ಚು ಕಂಡಿದ್ದೇನೆ. ಫ್ಯೂಸಿನ ಎಳೆ ಇರುವುದೇ ಪ್ರವಾಹ ಮಿತಿಮೀರಿದಾಗ ಮೊದಲು ಕರಗಲೆಂದು. ಅದು ಕರಗದಿದ್ದರೆ ಗೋಡೆಯೊಳಗಿನ ತಂತಿಯ ಹೊದಿಕೆ ಕರಗುತ್ತದೆ. ಕಂದಿದ ಪ್ಲಗ್ಗು, ಬಿಸಿಯಾಗುವ ಸ್ವಿಚ್ಚು ಕಂಡರೆ ಅದರ ಬಳಕೆಯನ್ನು ಅಲ್ಲಿಗೇ ನಿಲ್ಲಿಸಿ, ಬಲ್ಲವರನ್ನು ಕರೆಸಿ ಸಂದನ್ನು ಬಿಚ್ಚಿ ನೋಡಿಸಬೇಕು. ಅದೂ ಮಳೆ ಹಿಡಿಯುವ ಮೊದಲೇ.